ರೊಕ್ಕ ಯಾರ್ದು, ಸಿನಿಮಾ ಯಾರ್ದು?

ಹುಣ್ಣಿಮೆ ದಿನ ಒಮ್ಮೆ ಹುಲಿಗಿಗೆ ಬಂದು ನೋಡಿ. ಮುನಿರಾಬಾದ್ ಸ್ಟೇಷನ್‌ನಲ್ಲಿ ಇಳಿದವರು, ಟಂಟಂನಲ್ಲಿ ಬಂದವರು, ಹರಕೆ ಹೊತ್ತು ನಡೆದುಕೊಂಡೇ ಬಂದವರು, ಎಲ್ಲರ ಮುಖವೂ ಹುಲಿಗೆಮ್ಮನ ಗುಡಿ ಕಡೆಗೆ. ತುಂಗಭದ್ರೆಯಲ್ಲಿ ಸ್ನಾನ, ಬಾಯಲ್ಲಿ ‘ಉಧೋ ಉಧೋ’, ಕೈಯಲ್ಲಿ ಮೊಬೈಲ್.

ಇಂಥ ಜನಸಂದಣಿಯ ನಡುವೆ ಕ್ಯಾಮೆರಾ, ಗಿಂಬಲ್ ಹಿಡ್ಕೊಂಡು ಓಡಾಡೋ ಹುಡುಗರೂ ಸಿಗ್ತಾರೆ. ಯೂಟ್ಯೂಬ್‌ಗೆ ದೇವಿ ಹಾಡಿನ ವಿಡಿಯೋ, ಜಾನಪದ ಆಲ್ಬಮ್, ಮದುವೆ ಸೀಸನ್‌ನಲ್ಲಿ ಪ್ರಿ-ವೆಡ್ಡಿಂಗ್ ಶೂಟ್. ಈ ಭಾಗದ ಎಷ್ಟೋ ಕ್ಯಾಮೆರಾ ಹುಡುಗರ ಅನ್ನ ಇದೇ. ಚಹಾ ಅಂಗಡಿಯಲ್ಲಿ ಕೂತು ಸ್ವಲ್ಪ ಮಾತಾಡಿಸಿದ್ರೆ ಸಾಕು, ಲ್ಯಾಪ್‌ಟಾಪ್‌ನಲ್ಲಿ ಅರ್ಧ ಬರೆದಿಟ್ಟ ಒಂದು ಕಥೆ ಹೊರಗೆ ಬರುತ್ತೆ. ಬೆಂಗಳೂರಿನ ಐಟಿ ಕಂಪನಿಯಲ್ಲಿ ಕೂತಿರೋ ಕುಷ್ಟಗಿ, ಗಂಗಾವತಿ, ಯಲಬುರ್ಗಾದ ಹುಡುಗ-ಹುಡುಗಿಯರ ಲ್ಯಾಪ್‌ಟಾಪ್‌ನಲ್ಲೂ ಅಂಥದ್ದೊಂದು ಫೈಲ್ ಇರಬಹುದು. ನಿಮ್ಮದರಲ್ಲೂ ಇದೆಯೇನೋ!

ಆ ಕಥೆಯ ಸುದ್ದಿ ಊರಲ್ಲಿ ಹಬ್ಬಿದ ಕೂಡಲೇ ಕಟ್ಟೆ ಮೇಲೆ ಕೂತ ಹಿರಿಯರು ಕೇಳೋ ಮೊದಲ ಪ್ರಶ್ನೆ ಕಥೆ ಬಗ್ಗೆ ಇರೋದಿಲ್ಲ.

“ಪಿಕ್ಚರ್ ತೆಗೀತೀ ಅಂತಲ್ಲೋ ತಮ್ಮಾ, ಚೊಲೋ ಆತು. ರೊಕ್ಕ ಯಾರ್ದು?”

ಕಲಾವಿದನ ಕಿವಿಗೆ ಈ ಪ್ರಶ್ನೆ ಒರಟಾಗಿ ಕೇಳಿಸುತ್ತೆ. ಆದರೆ ಸಿನಿಮಾ ಬದುಕಿನಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿಲ್ಲ. ಕಲೆ ದೊಡ್ಡದಾ, ವ್ಯಾಪಾರ ದೊಡ್ಡದಾ ಅಂತ ನಾವು ಚರ್ಚೆ ಮಾಡ್ತಾ ಇರ್ತೀವಿ. ಆ ಜಗಳ ಬಹುತೇಕ ಮೊದಲ ಶಾಟ್ ತೆಗೆಯುವ ಮೊದಲೇ ಮುಗಿದಿರುತ್ತೆ: ಎಷ್ಟು ದುಡ್ಡು, ಯಾರ ದುಡ್ಡು, ಹೋದರೆ ಯಾರ ಮನೆಗೆ ಪೆಟ್ಟು ಅನ್ನೋದು ತೀರ್ಮಾನವಾದ ಕ್ಷಣದಲ್ಲಿ. ಇದನ್ನ ಅರ್ಥ ಮಾಡಿಕೊಳ್ಳೋಕೆ ಬಹಳ ದೂರ ಹೋಗಬೇಕಿಲ್ಲ. ನಮ್ಮ ಕೊಪ್ಪಳ ಜಿಲ್ಲೆಯಲ್ಲೇ ಒಂದು ಸಿನಿಮಾ ಇದೆ.

ಯರೇಹಂಚಿನಾಳದಿಂದ ಬೂಸಾನ್‌ಗೆ

ಯಲಬುರ್ಗಾ ಸೀಮೆಯ ಎರೆ ಭೂಮಿಯ ಊರು ಯರೇಹಂಚಿನಾಳ. ಜೈಶಂಕರ್ ಆರ್ಯರ್ ತಮ್ಮ ‘ಶಿವಮ್ಮ ಯರೇಹಂಚಿನಾಳ’ ಚಿತ್ರಕ್ಕೆ ಈ ಊರಿನ ಹೆಸರನ್ನೇ ಇಟ್ಟರು, ಕಥೆಯನ್ನೂ ಅಲ್ಲೇ ಕಟ್ಟಿದರು. ಪರದೆ ಮೇಲೆ ಕಾಣೋರು ಸ್ಟಾರ್‌ಗಳಲ್ಲ, ನಮ್ಮ ಹಳ್ಳಿಯ ಜನ. ಶಿವಮ್ಮನ ಪಾತ್ರ ಮಾಡಿದವರು ಶರಣಮ್ಮ ಚೆಟ್ಟಿ. ಮಾತು ನಮ್ಮ ಕಡೆಯದೇ, ಅದಕ್ಕೆ ಬೆಂಗಳೂರಿನ ಪಾಲಿಶ್ ಹಚ್ಚಿಲ್ಲ.

ಕಥೆ ಇಷ್ಟು: 46 ವರ್ಷದ ಬಡ ಹೆಣ್ಣುಮಗಳು ಶಿವಮ್ಮ, ಬಡತನದಿಂದ ಮೇಲೆ ಬರೋ ಆಸೆಯಲ್ಲಿ ತಾನು ದುಡಿದ ದುಡ್ಡನ್ನ ನೆಟ್‌ವರ್ಕ್ ಮಾರ್ಕೆಟಿಂಗ್‌ಗೆ ಹಾಕ್ತಾಳೆ. ಬೇಡ ಅಂತ ಮಗಳು ಹೇಳ್ತಾಳೆ, ಈಕೆ ಕೇಳಲ್ಲ. ನೋಡನೋಡುತ್ತಿದ್ದಂತೆ ಮಗಳ ಮದುವೆ, ಊರವರ ದುಡ್ಡು ಎರಡೂ ಪಣಕ್ಕೆ ಬೀಳುತ್ತವೆ.

ಈ ಕಥೆಯನ್ನ ಇನ್ನೊಂದು ಕಡೆಯಿಂದ ನೋಡಿ. ಶಿವಮ್ಮನ ಜಾಗದಲ್ಲಿ ಒಬ್ಬ ಹೊಸ ನಿರ್ದೇಶಕನನ್ನ ನಿಲ್ಲಿಸಿ. ಅವನಿಗೂ ತನ್ನ ಸರಕಿನ ಮೇಲೆ ಅಪಾರ ನಂಬಿಕೆ. ಅವನೂ ಮನೆಯ ಉಳಿತಾಯ ಹಾಕ್ತಾನೆ, ಸಂಬಂಧಿಕರ ಹತ್ತಿರ ಕೈಚಾಚ್ತಾನೆ, “ಒಂದು ಸಲ ಕ್ಲಿಕ್ ಆಗಲಿ, ಎಲ್ಲಾ ತೀರಿಸ್ತೀನಿ” ಅಂತಾನೆ. ಅಕ್ಕನ ಬಂಗಾರ, ಅಪ್ಪನ ಹೊಲ, ಗೆಳೆಯನ ಪಿಎಫ್ ದುಡ್ಡು ಸಿನಿಮಾದ ಬಜೆಟ್ ಆಗುತ್ತೆ. ನಂಬಿಕೆ ಪ್ರಾಮಾಣಿಕವಾಗಿದ್ದ ಮಾತ್ರಕ್ಕೆ ಲೆಕ್ಕ ಸರಿಯಾಗೋದಿಲ್ಲ.

‘ಶಿವಮ್ಮ’ ಚಿತ್ರದ ಹಿಂದಿನ ಲೆಕ್ಕ ಬೇರೆ ಥರ ಇತ್ತು. ಇದನ್ನ ನಿರ್ಮಿಸಿದ್ದು ರಿಷಬ್ ಶೆಟ್ಟಿ ಅವರ ಸಂಸ್ಥೆ. 2022ರ ಅಕ್ಟೋಬರ್‌ನಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡು, ಅಲ್ಲಿನ ‘ನ್ಯೂ ಕರೆಂಟ್ಸ್’ ಪ್ರಶಸ್ತಿಯನ್ನ ಒಂದು ಕೊರಿಯನ್ ಚಿತ್ರದ ಜೊತೆ ಗೆದ್ದುಕೊಂಡಿತು. ಏಷ್ಯಾದ ಹೊಸ ನಿರ್ದೇಶಕರಿಗೆ ಆಗ ಸಿಗ್ತಿದ್ದ ದೊಡ್ಡ ಗೌರವಗಳಲ್ಲಿ ಅದೂ ಒಂದಾಗಿತ್ತು. ಗೆದ್ದ ಚಿತ್ರಕ್ಕೆ 30,000 ಡಾಲರ್, ಅಂದಿನ ಲೆಕ್ಕದಲ್ಲಿ ಸುಮಾರು 24 ಲಕ್ಷ ರೂಪಾಯಿ.

ಅದೇ ಹೊತ್ತಿಗೆ ಇತ್ತ ಕರ್ನಾಟಕದಲ್ಲಿ ಏನಾಗ್ತಿತ್ತು? ಸೆಪ್ಟೆಂಬರ್ 30ಕ್ಕೆ ಬಿಡುಗಡೆಯಾದ ‘ಕಾಂತಾರ’ಕ್ಕೆ ಜನ ಮುಗಿಬಿದ್ದಿದ್ದರು. ಒಂದೇ ಹದಿನೈದು ದಿನದೊಳಗೆ ಒಬ್ಬ ಮನುಷ್ಯನ ಹೆಸರು ಎರಡು ತೀರಾ ಬೇರೆ ಸಿನಿಮಾಗಳ ಜೊತೆ ಓಡಾಡ್ತಿತ್ತು. ಒಂದರಲ್ಲಿ ನಿರ್ದೇಶಕ, ನಾಯಕ, ಇನ್ನೊಂದರಲ್ಲಿ ನಿರ್ಮಾಪಕ. ‘ಕಾಂತಾರ’ಕ್ಕೆ ದುಡ್ಡು ಹಾಕಿದ್ದು ಹೊಂಬಾಳೆ ಫಿಲ್ಮ್ಸ್. ‘ಶಿವಮ್ಮ’ನಂಥ ಚಿತ್ರಕ್ಕೆ, ಅದಕ್ಕೂ ಮೊದಲು ನಟೇಶ್ ಹೆಗಡೆ ಅವರ ‘ಪೆದ್ರೊ’ಗೆ, ಬೆನ್ನಿಗೆ ನಿಂತದ್ದು ರಿಷಬ್ ಅವರ ಸ್ವಂತ ಸಂಸ್ಥೆ.

ಇಲ್ಲಿ ಸಮತೋಲನ ಅನ್ನೋದು ಒಂದೇ ಸಿನಿಮಾದಲ್ಲಿ ಅರ್ಧ ಕಲೆ, ಅರ್ಧ ಫೈಟು ಬೆರೆಸಿ ಬಂದದ್ದಲ್ಲ. ಎರಡಕ್ಕೂ ಬೇರೆ ಬೇರೆ ಜಾಗ, ಬೇರೆ ಬೇರೆ ಜೇಬು. ‘ಶಿವಮ್ಮ’ನಿಗೆ ಐಟಂ ಸಾಂಗ್ ಸೇರಿಸಿ ಅಂತ ಯಾರೂ ಕೇಳಬೇಕಾಗಲಿಲ್ಲ. ಅವಳ ಕೆಲಸ ಕೋಟಿ ಗಳಿಸೋದಾಗಿರಲೇ ಇಲ್ಲ.

ಹಾಗಂತ ದಾರಿ ಹೂವಿನ ಹಾಸಿಗೆಯೂ ಆಗಿರಲಿಲ್ಲ. ಬೂಸಾನ್‌ನಲ್ಲಿ ಗೆದ್ದ ಸಿನಿಮಾ ನಮ್ಮ ಥಿಯೇಟರ್‌ಗೆ ಬಂದದ್ದು 2024ರ ಜೂನ್ 14ಕ್ಕೆ. ನಡುವೆ ಸುಮಾರು 20 ತಿಂಗಳು. ಪ್ರಶಸ್ತಿ ಬಂದರೆ ಮರುವಾರವೇ ಗಂಗಾವತಿ ಥಿಯೇಟರ್‌ನಲ್ಲಿ ಪೋಸ್ಟರ್ ಏರುತ್ತೆ ಅಂದ್ಕೊಂಡವರಿಗೆ ಈ 20 ತಿಂಗಳು ಒಂದು ಪಾಠ.

200 ರೂಪಾಯಿ ಟಿಕೆಟ್‌ನ ಕಥೆ

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಫೋನ್‌ನಲ್ಲೇ ಕ್ಯಾಲ್ಕುಲೇಟರ್ ಇದೆಯಲ್ಲ, ನೀವೂ ಒತ್ತಿ ನೋಡಿ.

ಮಲ್ಟಿಪ್ಲೆಕ್ಸ್‌ನಲ್ಲಿ ಒಂದು ಟಿಕೆಟ್ 200 ರೂಪಾಯಿ ಅಂದ್ಕೊಳ್ಳಿ. ನೂರು ರೂಪಾಯಿ ಮೀರಿದ ಟಿಕೆಟ್‌ಗೆ 18% ಜಿಎಸ್‌ಟಿ. ಅದನ್ನ ತೆಗೆದರೆ ಉಳಿಯೋದು ಸುಮಾರು 169. ಮೊದಲ ವಾರ ಅದರಲ್ಲಿ ಸಾಮಾನ್ಯವಾಗಿ ಅರ್ಧದಷ್ಟು ಥಿಯೇಟರ್‌ಗೆ, ಅರ್ಧ ಸಿನಿಮಾದವರಿಗೆ. ಅಂದ್ರೆ 85 ರೂಪಾಯಿ. ವಾರ ಕಳೆದಂತೆ ಸಿನಿಮಾದವರ ಪಾಲು ಇನ್ನೂ ಇಳಿಯುತ್ತೆ. ಇದರಲ್ಲೇ ವಿತರಕರ ಕಮಿಷನ್ ಹೋಗಬೇಕು, ಪ್ರಚಾರದ ಖರ್ಚೂ ಹೋಗಬೇಕು.

ಅದೆಲ್ಲ ಬಿಟ್ಟುಬಿಡಿ, ಪೂರ್ತಿ 85 ರೂಪಾಯಿ ನಿಮ್ಮ ಕೈಗೇ ಬಂತು ಅನ್ನಿ. 50 ಲಕ್ಷದಲ್ಲಿ ಸಿನಿಮಾ ಮಾಡಿದ್ದರೆ ಹಾಕಿದ ದುಡ್ಡು ಬರೋಕೆ ಎಷ್ಟು ಟಿಕೆಟ್ ಹೋಗಬೇಕು? ಸುಮಾರು 59,000. 2011ರ ಜನಗಣತಿಯಲ್ಲಿ ಕೊಪ್ಪಳ ಪಟ್ಟಣದ ಜನಸಂಖ್ಯೆ 70 ಸಾವಿರದ ಆಸುಪಾಸು. ಹೆಚ್ಚುಕಡಿಮೆ ಇಡೀ ಪಟ್ಟಣ, ಕೂಸು-ಕುನ್ನಿ ಬಿಟ್ಟು, ಎದ್ದು ಹೋಗಿ ನಿಮ್ಮ ಸಿನಿಮಾ ನೋಡಬೇಕು. ಅದೂ ಮೊದಲ ವಾರದಲ್ಲೇ. 50 ಲಕ್ಷ ಅನ್ನೋದು ಸಿನಿಮಾ ಲೋಕದಲ್ಲಿ ಸಣ್ಣ ಮೊತ್ತ, ನಮ್ಮ ಮನೆಗಳಲ್ಲಿ ಅಲ್ಲ.

ಒಂದೇ ಪರದೆಯ ಹಳೇ ಥಿಯೇಟರ್‌ಗಳ ಕಥೆ ಇನ್ನೊಂದು. ಕರ್ನಾಟಕದ ಅನೇಕ ಥಿಯೇಟರ್‌ಗಳಲ್ಲಿ ವಾರದ ಬಾಡಿಗೆ ಪದ್ಧತಿ ಇದೆ. ಜನ ಬಂದ್ರೂ ಬಾಡಿಗೆ ಕಟ್ಟಬೇಕು, ಬರದಿದ್ರೂ ಕಟ್ಟಬೇಕು. ಒಟಿಟಿ ಇದೆಯಲ್ಲ ಅಂತೀರಾ? ರಕ್ಷಿತ್ ಶೆಟ್ಟಿ ಅವರಷ್ಟು ಹೆಸರಿರೋ ನಿರ್ಮಾಪಕರೇ ‘ಏಕಂ’ ಎಂಬ ಕನ್ನಡ ವೆಬ್ ಸರಣಿಗೆ ದೊಡ್ಡ ವೇದಿಕೆ ಸಿಗದೆ, 2024ರ ಜುಲೈನಲ್ಲಿ ಅದಕ್ಕಾಗಿಯೇ ವೆಬ್‌ಸೈಟ್ ಮಾಡಿ ಬಿಡುಗಡೆ ಮಾಡಬೇಕಾಯಿತು.

ಹೆದರಿಸೋಕೆ ಇದನ್ನೆಲ್ಲ ಹೇಳ್ತಿಲ್ಲ. ಬಜೆಟ್ ದೊಡ್ಡದಾದಷ್ಟೂ ಬೇಕಾದ ಪ್ರೇಕ್ಷಕರ ಸಂಖ್ಯೆ ಬೆಳೆಯುತ್ತೆ. ಸಂಖ್ಯೆ ಬೆಳೆದಷ್ಟೂ “ಎಲ್ಲರಿಗೂ ಇಷ್ಟವಾಗೋ ಹಾಗೆ ಮಾಡಿ” ಅನ್ನೋ ಒತ್ತಡ ಬರುತ್ತೆ. ಒತ್ತಡ ಹಾಕೋ ನಿರ್ಮಾಪಕ ಕೆಟ್ಟವನೇ ಆಗಿರಬೇಕಿಲ್ಲ, ಅವನೂ ಇದೇ ಕ್ಯಾಲ್ಕುಲೇಟರ್ ಒತ್ತಿರ್ತಾನೆ. ಹಾಗಾಗಿ ನಿಮ್ಮ ಕಥೆಯನ್ನ ನಿಜವಾಗಿ ಎಷ್ಟು ಜನ ನೋಡಬಹುದು ಅನ್ನೋ ಅಂದಾಜಿಗೆ ತಕ್ಕಂತೆ ಖರ್ಚು ಮಾಡಿದರೆ, ನಿಮ್ಮ ಹಠಕ್ಕೂ ಜಾಗ ಉಳಿಯುತ್ತೆ.

ಮೂವರು, ಮೂರು ದಾರಿ

ರೊಕ್ಕದ ಪ್ರಶ್ನೆಗೆ ಕನ್ನಡದಲ್ಲಿ ಹಲವರು ತಮ್ಮದೇ ಉತ್ತರ ಕಂಡುಕೊಂಡಿದ್ದಾರೆ. ಮೂವರನ್ನ ನೋಡೋಣ.

ಮೊದಲನೆಯದು ಶಂಕರ್‌ನಾಗ್ ದಾರಿ. 1980ರಲ್ಲಿ ಅವರು ‘ಆಟೋ ರಾಜ’ನಾಗಿ ಮನೆಮಾತಾದರು. ಇವತ್ತಿಗೂ ಆಟೋಗಳ ಹಿಂದೆ ಅವರ ಫೋಟೋ ಇದೆ. ಅದೇ 1980ರಲ್ಲಿ ಅವರು ‘ಮಿಂಚಿನ ಓಟ’ ನಿರ್ದೇಶಿಸಿದರು, ಅದು ಬೇರೆಯದೇ ರುಚಿಯ ಸಿನಿಮಾ. ಮುಂದೆ 1985ರ ‘ಆಕ್ಸಿಡೆಂಟ್’ಗೆ ರಾಷ್ಟ್ರ ಪ್ರಶಸ್ತಿ ಬಂತು. ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದರು. ಮದ್ರಾಸಿಗೆ ಓಡೋದು ತಪ್ಪಲಿ ಅಂತ ಬೆಂಗಳೂರಲ್ಲೇ ‘ಸಂಕೇತ್’ ರೆಕಾರ್ಡಿಂಗ್ ಸ್ಟುಡಿಯೋ ಕಟ್ಟಿದರು. ನಟನಾಗಿ ಫೈಟ್ ಮಾಡಿದ ಸಿನಿಮಾಗಳ ಬಗ್ಗೆ ಮೂಗು ಮುರಿಯದೆ, ನಿರ್ದೇಶಕನಾಗಿ ತಮ್ಮ ದಾರಿಯನ್ನೂ ಬಿಡದೆ ದುಡಿದವರು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡು ಬಳಿ ಅಪಘಾತದಲ್ಲಿ ತೀರಿಕೊಂಡಾಗ ಅವರಿಗಿನ್ನೂ 35 ವರ್ಷ.

ಈ ದಾರಿಯ ಬೆಲೆ ಸಮಯ ಮತ್ತು ಮೈಯ ದಣಿವು. ಹಗಲು ಒಂದು ಕೆಲಸ, ರಾತ್ರಿ ಇನ್ನೊಂದು. ಆಫೀಸ್ ಮುಗಿಸಿ ರಾತ್ರಿ ಸ್ಕ್ರಿಪ್ಟ್ ಬರೆಯೋರಿಗೆ ಇದು ಗೊತ್ತು.

ಎರಡನೆಯದು ಗಿರೀಶ್ ಕಾಸರವಳ್ಳಿ ಅವರ ದಾರಿ. 1977ರ ‘ಘಟಶ್ರಾದ್ಧ’, ಆಮೇಲೆ ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’. ಈ ನಾಲ್ಕಕ್ಕೂ ದೇಶದ ಅತ್ಯುತ್ತಮ ಚಿತ್ರದ ಸ್ವರ್ಣಕಮಲ. ಅವರು ತಮ್ಮ ಬಗೆಯ ಸಿನಿಮಾವನ್ನ ಬದಲಿಸಲಿಲ್ಲ, ಅಂಥ ಸಿನಿಮಾ ಬೇಕು ಅನ್ನೋ ನಿರ್ಮಾಪಕರ ಜೊತೆ ಕೆಲಸ ಮಾಡಿದರು. ಅದರಲ್ಲಿ ಎರಡು ಹೆಸರು ನೆನಪಿಡಬೇಕು. ‘ತಾಯಿ ಸಾಹೇಬ’ ನಿರ್ಮಿಸಿದ್ದು ನಟಿ ಜಯಮಾಲಾ. 2002ರ ‘ದ್ವೀಪ’ ನಿರ್ಮಿಸಿದ್ದು ಸೌಂದರ್ಯ. ಇಬ್ಬರೂ ಜನಪ್ರಿಯ ಸಿನಿಮಾದ ತಾರೆಯರು, ಇಬ್ಬರೂ ಆ ಚಿತ್ರಗಳಲ್ಲಿ ಮುಖ್ಯ ಪಾತ್ರ ಮಾಡಿದರು. ಅಣೆಕಟ್ಟಿನ ನೀರಲ್ಲಿ ಮುಳುಗೋ ಊರಿನ ಕಥೆ ‘ದ್ವೀಪ’. ತುಂಗಭದ್ರಾ ಡ್ಯಾಮಿನ ಮಗ್ಗುಲಲ್ಲೇ ಇರೋ ಹುಲಿಗಿ, ಮುನಿರಾಬಾದ್ ಕಡೆಯವರಿಗೆ ಮುಳುಗಡೆ ಅಂದ್ರೆ ಏನಂತ ಬಿಡಿಸಿ ಹೇಳಬೇಕಿಲ್ಲ.

ಈ ದಾರಿಯ ಬೆಲೆ ಕಾಯುವಿಕೆ. ಸರಿಯಾದ ನಿರ್ಮಾಪಕ ಸಿಗೋವರೆಗೆ ಕಥೆಯನ್ನ ಎದೆಯಲ್ಲಿಟ್ಟುಕೊಂಡು ಕೂರಬೇಕು. ಫಲ ಯಾವಾಗ ಬರುತ್ತೋ ಹೇಳೋಕಾಗಲ್ಲ. ‘ಘಟಶ್ರಾದ್ಧ’ದ ಪುನರುಜ್ಜೀವನಗೊಂಡ ಪ್ರತಿ ವೆನಿಸ್ ಚಿತ್ರೋತ್ಸವದ ಪರದೆ ಮೇಲೆ ಬಂದದ್ದು 2024ರಲ್ಲಿ, ಸಿನಿಮಾ ತಯಾರಾಗಿ 47 ವರ್ಷದ ಮೇಲೆ.

ಮೂರನೆಯದು ಪವನ್ ಕುಮಾರ್ ದಾರಿ. ಯೋಗರಾಜ್ ಭಟ್ಟರ ಜೊತೆ ಬರವಣಿಗೆ ಮಾಡಿ, 2011ರಲ್ಲಿ ‘ಲೈಫು ಇಷ್ಟೇನೆ’ ನಿರ್ದೇಶಿಸಿದವರು. ಮುಂದಿನ ಕಥೆಗೆ ನಿರ್ಮಾಪಕರು ಸಿಗದಿದ್ದಾಗ ತಮ್ಮ ಬ್ಲಾಗ್‌ನಲ್ಲಿ ಕಷ್ಟ ಬರೆದುಕೊಂಡು ನೇರ ಪ್ರೇಕ್ಷಕರನ್ನೇ ಕೇಳಿದರು. 27 ದಿನದಲ್ಲಿ ಸುಮಾರು 51 ಲಕ್ಷ ರೂಪಾಯಿ ಕೂಡಿತು. 110 ಜನ ದುಡ್ಡು ಹಾಕಿದ ಆ ಸಿನಿಮಾ 2013ರ ‘ಲೂಸಿಯಾ’. ಲಂಡನ್ ಇಂಡಿಯನ್ ಫಿಲ್ಮ್ ಫೆಸ್ಟಿವಲ್‌ನಲ್ಲಿ ಪ್ರೇಕ್ಷಕರ ಪ್ರಶಸ್ತಿ ಪಡೆದು, ಆಮೇಲೆ ಥಿಯೇಟರ್‌ಗೆ ಬಂದು ಗೆದ್ದಿತು. ತಮಿಳಿಗೂ ರೀಮೇಕ್ ಆಯ್ತು.

ಇದು ಕೇಳೋಕೆ ಬಲು ಸುಲಭ. ಆದರೆ ಗಮನಿಸಿ: ಕೇಳುವ ಹೊತ್ತಿಗೆ ಅವರ ಕೈಯಲ್ಲಿ ಒಂದು ಬಿಡುಗಡೆಯಾದ ಸಿನಿಮಾ ಇತ್ತು, ಓದುಗರಿದ್ದ ಬ್ಲಾಗ್ ಇತ್ತು. ಇನ್ನೊಂದು ವಿಷಯ, ದುಡ್ಡು ಹಲವರಲ್ಲಿ ಹಂಚಿಹೋಗಿತ್ತು. ಸಿನಿಮಾ ಸೋತಿದ್ದರೆ 110 ಜನಕ್ಕೂ ನೋವಾಗ್ತಿತ್ತು. ಆದರೆ ಇಡೀ ಭಾರ ಒಂದೇ ಮನೆಯ ಮೇಲೆ ಬೀಳ್ತಿರಲಿಲ್ಲ. ನಷ್ಟ ಹಂಚಿಹೋಗುವ ಹಾಗೆ ಮೊದಲೇ ವ್ಯವಸ್ಥೆ ಮಾಡಿಕೊಳ್ಳೋದು ಈ ದಾರಿಯ ಜಾಣತನ.

ಮೂವರಲ್ಲಿ ಒಂದು ಸಾಮ್ಯ ಇದೆ. ಒಬ್ಬರು ನಟನೆಯಿಂದ ಗಳಿಸಿದರು, ಒಬ್ಬರು ತಮ್ಮ ರುಚಿಯ ನಿರ್ಮಾಪಕರೊಂದಿಗೆ ನಡೆದರು, ಒಬ್ಬರು ನೂರಾರು ಕೈಗಳಿಂದ ಕೂಡಿಸಿದರು. ದುಡ್ಡಿನ ದಾರಿ ಮೊದಲು ಸ್ಪಷ್ಟವಾಗಿತ್ತು, ಹಾಗಾಗಿ ಸಿನಿಮಾ ಯಾರದ್ದು ಅನ್ನೋದೂ ಸ್ಪಷ್ಟವಾಗಿತ್ತು.

ಕಿನ್ನಾಳದವರನ್ನ ಕೇಳಿ

ಕಲೆಯಿಂದಲೇ ಹೊಟ್ಟೆ ತುಂಬಿಸಿಕೊಳ್ಳೋ ಕಷ್ಟ ನಮ್ಮ ಜಿಲ್ಲೆಗೆ ಹೊಸದೇನಲ್ಲ. ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಚಿತ್ರಗಾರರು ತಲೆಮಾರುಗಳಿಂದ ಮರದಲ್ಲಿ ದೇವರ ಮೂರ್ತಿ, ಗೊಂಬೆ ಮಾಡಿಕೊಂಡು ಬಂದವರು. ಹಂಪಿಯ ವಿರೂಪಾಕ್ಷ ಗುಡಿಯ ಚಿತ್ರಗಳನ್ನ ಬರೆದವರು ಇವರ ಪೂರ್ವಿಕರೇ ಅನ್ನೋ ನಂಬಿಕೆ ಇದೆ. ಈ ಕಲೆಗೆ ಜಿಐ ಮಾನ್ಯತೆಯೂ ಸಿಕ್ಕಿದೆ.

ಊರಿನ ಗುಡಿಗೆ ದೇವಿ ಮೂರ್ತಿ ಮಾಡೋದು ಒಂದು ಕೆಲಸ. ಷೋಕೇಸಿಗೆ ಇಡೋ ಹಣ್ಣು, ಹಕ್ಕಿ, ಆನೆ ಗೊಂಬೆ ಮಾಡೋದು ಇನ್ನೊಂದು ಕೆಲಸ. ಎರಡಕ್ಕೂ ಕೈ ಒಂದೇ, ಗಿರಾಕಿ ಬೇರೆ. ಮೂರ್ತಿಗೆ ಬೇಕಾಗೋ ಕಾಲ, ಶ್ರದ್ಧೆ ಬೇರೆ. ಅಂಗಡಿ ಗೊಂಬೆಯ ಬೆಲೆ, ಅಳತೆ ಬೇರೆ. ಗೊಂಬೆ ಮಾರಿದ್ದಕ್ಕೆ ಮೂರ್ತಿಯ ಮರ್ಯಾದೆ ಕಮ್ಮಿ ಆಗಲ್ಲ.

ಬಿಳಿ ಪರದೆ, ಹಿಂದೊಂದು ದೀಪ, ನಡುವೆ ಕುಣಿಯೋ ನೆರಳು. ಸಿನಿಮಾ ಬರೋಕೆ ಎಷ್ಟೋ ಮೊದಲೇ ತೊಗಲುಗೊಂಬೆ ಆಟದವರು ನಮ್ಮ ಹಳ್ಳಿಗಳಲ್ಲಿ ರಾತ್ರಿಯಿಡೀ ಜನರನ್ನ ಕೂರಿಸ್ತಿದ್ದರು. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ಇಡೀ ಆಯುಷ್ಯ ಆ ಪರದೆಯ ಹಿಂದೆ ಕಳೆದವರು ಅವರು. ಅವರ ಕಲೆ ಕಂತು ಕಟ್ಟಿ ಕೊಂಡ ಕ್ಯಾಮೆರಾ ಕೇಳಲಿಲ್ಲ. ನಮ್ಮ ಕಾಲದ ಪರದೆ ದುಬಾರಿ. ಹಾಗಾಗಿ ನಾವು ಲೆಕ್ಕವನ್ನೂ ಕಲಿಯಬೇಕು.

ಸ್ಕ್ರಿಪ್ಟ್ ಜೊತೆಗೆ ಇನ್ನೊಂದು ಹಾಳೆ

ಹಾಗಾದ್ರೆ ಲ್ಯಾಪ್‌ಟಾಪ್‌ನಲ್ಲಿರೋ ಆ ಫೈಲ್‌ನ ಏನು ಮಾಡೋದು? ಅಳಿಸಬೇಡಿ. ಅದರ ಜೊತೆ ಇನ್ನೊಂದು ಹಾಳೆ ಬರೆಯಿರಿ.

ಮೊದಲು ಒಂದು ಮೊತ್ತ ಬರೆಯಿರಿ: ಪೂರ್ತಿ ಹೋದ್ರೂ ಮನೆ ನಡೆಯುತ್ತೆ ಅನ್ನುವಂಥ ಮೊತ್ತ. ಅಪ್ಪ-ಅಮ್ಮನ ಔಷಧಿ, ತಂಗಿ ಓದು, ಮನೆ ಸಾಲದ ಕಂತು ಇದರೊಳಗೆ ಬರಬಾರದು. ಆ ಮೊತ್ತ 40 ಸಾವಿರ ಆದರೆ 40 ಸಾವಿರದ ಸಿನಿಮಾ ಮಾಡಿ. 10 ನಿಮಿಷದ್ದಾದರೂ ಅದು ಪೂರ್ತಿ ನಿಮ್ಮದು.

ಬೇರೆಯವರ ದುಡ್ಡು ತಗೊಳ್ಳೋದಾದರೆ, ಅದು ಸಾಲವಾ, ಪಾಲುದಾರಿಕೆಯಾ, ಪ್ರೀತಿಗೆ ಕೊಟ್ಟದ್ದಾ ಅಂತ ಕಾಗದದ ಮೇಲೆ ಬರೆದುಕೊಳ್ಳಿ. “ಮಾವನೇ ಅಲ್ವಾ, ಬರೆದುಕೊಳ್ಳೋದು ಯಾಕೆ” ಅಂತ ಸುಮ್ಮನಾದ ಕಡೆಯೇ ಸಂಬಂಧ ಕೆಡೋದು. ನಾಳೆ ಸೋತರೆ ಹಬ್ಬಕ್ಕೆ ಅವರ ಮನೆಗೆ ಹೋಗಿ ಊಟಕ್ಕೆ ಕೂರೋಕೆ ಆಗಬೇಕು, ಅಷ್ಟು ಸ್ಪಷ್ಟವಾಗಿರಲಿ.

ಆಮೇಲೆ, ಯಾವುದನ್ನ ಬಿಟ್ಟುಕೊಡಲ್ಲ ಅಂತ ಎರಡೇ ಎರಡು ಸಾಲು ಬರೆಯಿರಿ. ನಮ್ಮ ಕಡೆ ಮಾತೇ ಇರಬೇಕಾ? ಕೊನೆಯ ದೃಶ್ಯ ಬದಲಾಗಬಾರದಾ? ಉಳಿದದ್ದರಲ್ಲಿ ಧಾರಾಳವಾಗಿ ಬಗ್ಗಿ. ಹಾಡು ಬೇಕು ಅಂದರೆ ಹಾಕಿ, ಅರ್ಧ ಗಂಟೆ ಕತ್ತರಿಸಿ ಅಂದರೆ ಕತ್ತರಿಸಿ, ಎಷ್ಟೋ ಸಲ ಅದರಿಂದ ಸಿನಿಮಾ ಚೆನ್ನಾಗೇ ಆಗುತ್ತೆ. ಪ್ರತಿಯೊಂದಕ್ಕೂ ಹಠ ಹಿಡಿಯೋರ ಜೊತೆ ಯಾರೂ ಎರಡನೇ ಸಲ ಕೆಲಸ ಮಾಡಲ್ಲ. ಯಾವುದಕ್ಕೂ ಹಠ ಹಿಡಿಯದವರಿಗೆ ಎರಡನೇ ಸಿನಿಮಾದ ಆಸೆಯೇ ಉಳಿಯಲ್ಲ.

ಕೊನೆಯದಾಗಿ, ಹೊಟ್ಟೆಪಾಡಿನ ಕೆಲಸವನ್ನ ಕೀಳಾಗಿ ನೋಡಬೇಡಿ. ಮದುವೆ ವಿಡಿಯೋ ತೆಗೆಯೋ ಹುಡುಗ ಸಾವಿರಾರು ಜನರ ನಡುವೆ ಅಳುವ ತಾಯಿಯ ಮುಖ ಯಾವ ಕ್ಷಣದಲ್ಲಿ ಎಲ್ಲಿ ಸಿಗುತ್ತೆ ಅಂತ ಕಲಿತಿರ್ತಾನೆ. ದೇವಿ ಹಾಡಿನ ಶೂಟ್ ಮಾಡಿದವನಿಗೆ ಜಾತ್ರೆ ಬೆಳಕು ಗೊತ್ತು. ಆ ದುಡ್ಡು ಬಾಡಿಗೆ ಕಟ್ಟುತ್ತೆ, ಆ ಅಭ್ಯಾಸ ಮುಂದೆ ಸಿನಿಮಾಕ್ಕೆ ಬರುತ್ತೆ. ಆದರೆ ವರ್ಷದಲ್ಲಿ ಒಂದು ತಿಂಗಳಾದರೂ ನಿಮ್ಮ ಕಥೆಗೆ ಅಂತ ತೆಗೆದಿಡಿ. ಇಲ್ಲಾಂದ್ರೆ ಸೀಸನ್ ಮೇಲೆ ಸೀಸನ್ ಬಂದು, ಆ ಫೈಲ್ ಹಳೇ ಲ್ಯಾಪ್‌ಟಾಪ್ ಜೊತೆ ಅಟ್ಟ ಸೇರುತ್ತೆ.

ಹಾಳೆ ಬರೆದಾದ ಮೇಲೆ ಮನೆಯಲ್ಲಿ ತೋರಿಸಿ. ಹೆಂಡತಿಗೆ, ಗಂಡನಿಗೆ, ಅವ್ವನಿಗೆ. ಶಿವಮ್ಮನಿಗೆ ಮಗಳು ಬೇಡ ಅಂದಳು, ಅವಳು ಕೇಳಲಿಲ್ಲ. ನೀವು ಒಪ್ಪಲೇಬೇಕು ಅಂತಿಲ್ಲ, ಕೂತು ಕೇಳಿ. ಮನೆಯವರ ಪ್ರಶ್ನೆಗೆ ಉತ್ತರ ಹೇಳೋಕೆ ಬಂದ ದಿನ ನಿರ್ಮಾಪಕನ ಪ್ರಶ್ನೆಗೂ ಉತ್ತರ ಬರುತ್ತೆ.

ನಿಮ್ಮ ಮನೆಯಲ್ಲೂ ಸಿನಿಮಾ, ನಾಟಕ, ಹಾಡು ಅಂತ ಹೊರಟವರು ಇದ್ದಾರಾ? ರೊಕ್ಕದ ಪ್ರಶ್ನೆಯನ್ನ ನೀವು ಹೇಗೆ ಬಗೆಹರಿಸಿಕೊಂಡ್ರಿ? ಓದುಗರ ಅಂಕಣಕ್ಕೆ ಬರೆದು ಕಳಿಸಿ. ಗೆದ್ದ ಕಥೆಯೇ ಆಗಬೇಕು ಅಂತಿಲ್ಲ.